ಪುಕ್ಕಟೆ ಬೇಹುಗಾರ

ಒಂದು ಮತದ ಬೆಲೆ ಏನೆಂದು ಇಡೀ ಕರ್ನಾಟಕಕ್ಕೆ ತೋರಿಸಿದ ಊರು ಸಂತೆಮರಹಳ್ಳಿ. 2004ರ ವಿಧಾನಸಭೆ ಚುನಾವಣೆಯಲ್ಲಿ ಆರ್. ಧ್ರುವನಾರಾಯಣ ಅವರಿಗೆ 40,752 ಮತ. ಎ.ಆರ್. ಕೃಷ್ಣಮೂರ್ತಿ ಅವರಿಗೆ 40,751. ಆ ಕ್ಷೇತ್ರ ಈಗಿಲ್ಲ, ಮರುವಿಂಗಡಣೆಯಲ್ಲಿ ಹೋಯಿತು. ಪಾಠವೂ ಹೋಯಿತು. ಒಂದು ಸಲ ಗುಂಡಿ ಒತ್ತುವುದಕ್ಕೆ ಎಷ್ಟು ಬೆಲೆ ಎಂದು ಕಣ್ಣಾರೆ ಕಂಡ ನಾವೇ ಇವತ್ತು ಕಂಪ್ಯೂಟರ್ ಮುಂದೆ ಕೂತು, ಓದದೆ, ಯೋಚಿಸದೆ, ಸಿಕ್ಕಸಿಕ್ಕ 'ಓಕೆ' ಒತ್ತುತ್ತಿದ್ದೇವೆ.

ಮನೆಗೆ ಕಂಪ್ಯೂಟರ್ ಬರುತ್ತದೆ. ವಿಂಡೋಸ್ ಹಾಕಿಸಬೇಕು. ಅಸಲಿ ಲೈಸೆನ್ಸಿಗೆ ಸಾವಿರಗಟ್ಟಲೆ. ಅಂಗಡಿ ಹುಡುಗ ಪೆನ್‌ಡ್ರೈವ್ ತೆಗೆಯುತ್ತಾನೆ. 'ಮುನ್ನೂರು ಕೊಡಿ ಸಾ, ಎಲ್ಲಾ ಹಾಕ್‌ಬುಡ್ತೀನಿ.' ಎಲ್ಲಾ ಎಂದರೆ ಎಲ್ಲಾ. ಕ್ರ್ಯಾಕ್ ಮಾಡಿದ ವಿಂಡೋಸ್. ಕ್ರ್ಯಾಕ್ ಮಾಡಿದ ಆಫೀಸ್. ಕ್ರ್ಯಾಕ್ ಮಾಡಿದ ಆಂಟಿವೈರಸ್. ಕಾವಲುಗಾರನೂ ಕದ್ದ ಮಾಲು!

ಆ ಕ್ರ್ಯಾಕ್ ಫೈಲು ಮೊಟ್ಟಮೊದಲು ಹೇಳುವ ಮಾತೇನು ಗೊತ್ತೇ? 'ಆಂಟಿವೈರಸ್ ಆಫ್ ಮಾಡಿ.' ನಾವು ಮಾಡುತ್ತೇವೆ. ಬೇರೆ ಯಾರ ಮಾತನ್ನೂ ಇಷ್ಟು ವಿನಯದಿಂದ ಕೇಳಿದವರಲ್ಲ.

ವಿಂಡೋಸನ್ನು ದುಡ್ಡಿಲ್ಲದೆ ಆಕ್ಟಿವೇಟ್ ಮಾಡುವ 'ಕೆಎಂಎಸ್‌ಪಿಕೊ' ಹೆಸರಿನಲ್ಲಿ ಓಡಾಡುವ ನಕಲಿ ಫೈಲುಗಳೊಳಗೆ 'ಕ್ರಿಪ್ಟ್‌ಬಾಟ್' ಎಂಬ ಕಳ್ಳ ತಂತ್ರಾಂಶ ಕೂತಿರುವುದನ್ನು ಭದ್ರತಾ ಸಂಶೋಧಕರು 2021ರಲ್ಲೇ ಹೇಳಿದ್ದಾರೆ. ಬ್ರೌಸರಿನಲ್ಲಿ ಉಳಿಸಿಟ್ಟ ಪಾಸ್‌ವರ್ಡು, ಕಾರ್ಡಿನ ವಿವರ, ಲಾಗಿನ್ ಗುರುತು, ಎಲ್ಲವನ್ನೂ ಗುಡಿಸಿಕೊಂಡು ಹೋಗುತ್ತದೆ. ಸದ್ದಿಲ್ಲ. ಪರದೆ ಕಪ್ಪಾಗುವುದಿಲ್ಲ. ಇಂಥದ್ದಕ್ಕೆ ನಿಮ್ಮ ಕಂಪ್ಯೂಟರ್ ಕೆಡಿಸುವ ಉದ್ದೇಶವೇ ಇಲ್ಲ. ಅದು ಚೆನ್ನಾಗಿ ಓಡುತ್ತಿದ್ದಷ್ಟೂ ಕಳ್ಳನಿಗೆ ಲಾಭ.

ಹೀಗೇಕೆ ಎಂದು ಕಂಪ್ಯೂಟರಿನ ಒಡೆಯನನ್ನು ಕೇಳಿ ನೋಡಿ. ಉತ್ತರ ನಾಲಗೆ ತುದಿಯಲ್ಲೇ ಇದೆ. 'ನಮ್ತವ ಕದಿಯಕ್ಕೆ ಏನದ ಬುಡಿ ಸಾ?' ನಿಜ, ಏನೂ ಇಲ್ಲ. ಆಧಾರ್ ಪ್ರತಿ, ಪಹಣಿ, ಮಗಳ ಅಂಕಪಟ್ಟಿ, ಪಾಸ್‌ಬುಕ್ಕಿನ ಫೋಟೊ, ನೆಟ್ ಬ್ಯಾಂಕಿಂಗಿನ ಗುಟ್ಟು ಬರೆದಿಟ್ಟ ಒಂದು ಫೈಲು. ಫೈಲಿನ ಹೆಸರು 'ಪಾಸ್‌ವರ್ಡ್'. ಅಷ್ಟೇ.

ಇದೇ ಮಹಾಶಯ ಸರ್ಕಲ್ಲಿನ ಟೀ ಅಂಗಡಿಯಲ್ಲಿ, ಫೋನಿಗೆ ನುಗ್ಗುವ ಪೆಗಾಸಸ್ ಎಂಬ ಬೇಹು ತಂತ್ರಾಂಶದ ಪರಿಣತ.

ಪೆಗಾಸಸ್ ಕಥೆಯಲ್ಲಿ ಕರ್ನಾಟಕಕ್ಕೂ ಪಾತ್ರವಿದೆ. 2019ರಲ್ಲಿ ಮೈತ್ರಿ ಸರ್ಕಾರ ಉರುಳುವ ಹೊತ್ತಿಗೆ ಉಪಮುಖ್ಯಮಂತ್ರಿ ಜಿ. ಪರಮೇಶ್ವರ ಅವರ ನಂಬರು, ಕುಮಾರಸ್ವಾಮಿ ಮತ್ತು ಸಿದ್ದರಾಮಯ್ಯನವರ ಆಪ್ತ ಕಾರ್ಯದರ್ಶಿಗಳ ನಂಬರುಗಳು ಸಂಭಾವ್ಯ ಗುರಿಗಳ ಪಟ್ಟಿಯಲ್ಲಿದ್ದವು ಎಂದು 2021ರ ಜುಲೈನಲ್ಲಿ ವರದಿಯಾಯಿತು. ಖಾಸಗಿತನ ಸತ್ತಿತು ಎಂದು ಬೊಬ್ಬೆ ಎದ್ದಿತು. ಆದರೆ ಅದೇ ಮೈತ್ರಿ ಸರ್ಕಾರ ಬೇರೆಯವರ ಫೋನು ಕದ್ದು ಕೇಳಿತು ಎಂಬ ಆರೋಪವೂ ಅದೇ 2019ರದ್ದು. ಯಡಿಯೂರಪ್ಪ ಅದನ್ನು ಸಿಬಿಐಗೆ ಒಪ್ಪಿಸಿದರು. ಕದ್ದಾಲಿಕೆಯ ಮೇಲೆ ಎಂಥ ಕೋಪ! ಅವರದೇ ಪಕ್ಷದ ಕೇಂದ್ರ ಸರ್ಕಾರ ಮಾತ್ರ, ಪೆಗಾಸಸ್ ಬಳಸಿದ್ದೀರಾ ಎಂದು ಸುಪ್ರೀಂ ಕೋರ್ಟೇ ಕೇಳಿದಾಗ ಹೌದೆನ್ನಲಿಲ್ಲ, ಇಲ್ಲವೆನ್ನಲಿಲ್ಲ.

ಕೋರ್ಟು ನೇಮಿಸಿದ, ನಿವೃತ್ತ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್ ಮೇಲ್ವಿಚಾರಣೆಯ ಸಮಿತಿ 29 ಫೋನುಗಳನ್ನು ಜಾಲಾಡಿತು. 5ರಲ್ಲಿ ಯಾವುದೋ ಕುತಂತ್ರಾಂಶ ಸಿಕ್ಕಿತು. ಅದು ಪೆಗಾಸಸ್ಸೇ ಎನ್ನಲು ಪುರಾವೆ ಸಾಲಲಿಲ್ಲ. ಸರ್ಕಾರ ಸಹಕರಿಸಲಿಲ್ಲ ಎಂಬುದೂ 2022ರ ಆಗಸ್ಟಿನಲ್ಲಿ ಕೋರ್ಟಿನಲ್ಲೇ ಹೊರಬಿತ್ತು. ಅಲ್ಲಿಗೆ ಮಂಗಳ. 1988ರಲ್ಲಿ ಕದ್ದಾಲಿಕೆಯ ಆರೋಪ ಬಂದಾಗ ರಾಮಕೃಷ್ಣ ಹೆಗಡೆ ಕುರ್ಚಿಯನ್ನಾದರೂ ಬಿಟ್ಟರು. ಈಗಿನವರು ಟ್ವೀಟ್ ಬಿಡುತ್ತಾರೆ.

ಖಾಸಗಿತನ ಮೂಲಭೂತ ಹಕ್ಕು ಎಂಬ 2017ರ ತೀರ್ಪು ಬಂದದ್ದು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಅರ್ಜಿಯಿಂದ. 2023ರಲ್ಲಿ ಡೇಟಾ ಸಂರಕ್ಷಣಾ ಕಾಯ್ದೆಯೂ ಬಂತು. ತನಗೆ ಬೇಕಾದ ಸಂಸ್ಥೆಗಳಿಗೆ ವಿನಾಯಿತಿ ಕೊಟ್ಟುಕೊಳ್ಳುವ ಕಲಮನ್ನು ಸರ್ಕಾರ ಅದರೊಳಗೇ ಇಟ್ಟುಕೊಂಡಿದೆ.

ಸಮಾಧಾನವಿರಲಿ, ನಿಮ್ಮ ಮನೆಗೆ ಪೆಗಾಸಸ್ ಬರುವುದಿಲ್ಲ. ನೀವು ಅಷ್ಟು ದುಬಾರಿ ಆಸಾಮಿಯಲ್ಲ. ನಿಮಗೆ ಪುಕ್ಕಟೆಯದ್ದೇ ಸಾಕು.

ಆಯುಧಪೂಜೆ ದಿನ ಇದೇ ಕಂಪ್ಯೂಟರಿಗೆ ಅರಿಶಿನ, ಕುಂಕುಮ, ಗುಂಡ್ಲುಪೇಟೆ ಚೆಂಡುಹೂವಿನ ಹಾರ. ಭಕ್ತಿಗೆ ಕೊರತೆಯಿಲ್ಲ. ಅಪ್‌ಡೇಟ್ ಮಾಡು ಎಂದು ಅದು ಬೇಡಿಕೊಂಡರೆ ಮಾತ್ರ 'ಆಮೇಲೆ'. ವಿಂಡೋಸ್ 7ಕ್ಕೆ ಕಂಪನಿಯ ಬೆಂಬಲ ನಿಂತದ್ದು 2020ರ ಜನವರಿ 14ಕ್ಕೆ. ವಿಂಡೋಸ್ 10ಕ್ಕೂ 2025ರ ಅಕ್ಟೋಬರ್ 14ಕ್ಕೆ ಮಾಮೂಲಿ ಬೆಂಬಲ ಮುಗಿಯಿತು. ನಮ್ಮ 'ಆಮೇಲೆ' ಇನ್ನೂ ಮುಗಿದಿಲ್ಲ.

ತಮಾಷೆ ಏನೆಂದರೆ ರಕ್ಷಣೆಯೂ ಪುಕ್ಕಟೆ. ವಿಂಡೋಸಿನ ಜೊತೆಗೇ ಬರುವ ಡಿಫೆಂಡರ್ ಪುಕ್ಕಟೆ, ಆಫ್ ಮಾಡದಿದ್ದರಾಯಿತು. ದಿನದ ಬಳಕೆಗೆ ಅಡ್ಮಿನ್ ಅಧಿಕಾರವಿಲ್ಲದ ಬೇರೆ ಖಾತೆ ಪುಕ್ಕಟೆ. ಇಮೇಲಿಗೆ ಎರಡು ಹಂತದ ಪರಿಶೀಲನೆ ಪುಕ್ಕಟೆ. ವಿಂಡೋಸಿಗೆ ದುಡ್ಡಿಲ್ಲವೇ, ಲಿನಕ್ಸ್ ಇದೆ, ಅದರಲ್ಲಿ ಕನ್ನಡವೂ ಇದೆ. ಕೇಂದ್ರದ ಸೈಬರ್ ಸ್ವಚ್ಛತಾ ಕೇಂದ್ರ 2017ರಿಂದಲೂ ಸೋಂಕು ತೆಗೆಯುವ ತಂತ್ರಾಂಶವನ್ನು ಕಾಸಿಲ್ಲದೆ ಕೊಡುತ್ತಿದೆ. ಪುಕ್ಕಟೆ ಎಂದರೆ ಮುಗಿಬೀಳುವ ನಮಗೆ ಇವು ಮಾತ್ರ ಬೇಡ. ಕದಿಯುವ ಸುಖ ಇವುಗಳಲ್ಲಿ ಇಲ್ಲವಲ್ಲ!

ದುಡ್ಡು ಹೋಯಿತೇ? ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಅಂಗಡಿ ಹುಡುಗನನ್ನು ಬಯ್ಯಬೇಡಿ. ಅವನು ಕೇಳಿದ, ಕೊಟ್ಟವರು ನೀವು. ಪಾಸ್‌ವರ್ಡು ಬದಲಿಸಿ, ಆದರೆ ಬೇರೆ ಕಂಪ್ಯೂಟರಿನಲ್ಲಿ. ಅದೇ ಕಂಪ್ಯೂಟರಿನಲ್ಲಿ ಕೂತು ಬದಲಿಸಿದರೆ ಹೊಸದೂ ಕಳ್ಳನಿಗೇ ಸೇರುತ್ತದೆ.