ಬೂಟ್ ಭಾವ

ಪ್ರತಿ ದೊಡ್ಡ ಕುಟುಂಬಕ್ಕೂ ಕಂಪ್ಯೂಟರ್ ಬಲ್ಲ ಭಾವ ಒಬ್ಬರಿರುತ್ತಾರೆ. ಓದಿದ್ದು ಮೆಕ್ಯಾನಿಕಲ್ ಇರಬಹುದು, ಕೆಲಸ ಸಹಕಾರಿ ಬ್ಯಾಂಕಿನಲ್ಲಿರಬಹುದು, ಅದೆಲ್ಲ ಲೆಕ್ಕಕ್ಕಿಲ್ಲ. ಮದುವೆಮನೆಯಲ್ಲಿ ಎಲ್ಲರೂ ಧಾರೆ ನೋಡುತ್ತಿದ್ದರೆ ಅವರು ಉಗ್ರಾಣದ ಪಕ್ಕದ ಕೋಣೆಯಲ್ಲಿ ಬೀಗರ ಲ್ಯಾಪ್‌ಟಾಪ್ ಬಿಚ್ಚಿಕೊಂಡು ಕೂತಿರುತ್ತಾರೆ. ನಮ್ಮವರಿಗೆ ಮಕ್ಕಳು ಇಟ್ಟ ಹೆಸರು ಬೂಟ್ ಭಾವ. ಅವರ ಬೀಗದ ಕೈ ಗೊಂಚಲಿನಲ್ಲಿ ಬೀಗದ ಕೈ ಒಂದೇ ಒಂದು. ಮಿಕ್ಕಿದ್ದೆಲ್ಲ ಪೆನ್‌ಡ್ರೈವ್.

ಒಂದು ಯಂತ್ರದಲ್ಲಿ ಒಂದೇ ಆಪರೇಟಿಂಗ್ ಸಿಸ್ಟಂ ಇರುವುದನ್ನು ಭಾವನ ಕಣ್ಣು ಸಹಿಸದು. ಉಬುಂಟು ಲಿನಕ್ಸ್ ಮೊದಲು ಹೊರಬಂದದ್ದು 2004ರಲ್ಲಿ. ಆಮೇಲೆ ಕೆಲವು ವರ್ಷ ಕೇಳಿದವರಿಗೆಲ್ಲ ಅದರ ಸಿ.ಡಿ. ಪುಕ್ಕಟೆಯಾಗಿ ಅಂಚೆಯಲ್ಲಿ ಬರುತ್ತಿತ್ತು. 2011ರಲ್ಲಿ ಅದು ನಿಂತಿತು. ಭಾವ ತಮಗೆ ಬಂದ ಲಕೋಟೆಯನ್ನು ಇನ್ನೂ ಇಟ್ಟುಕೊಂಡಿದ್ದಾರೆ, ಮನೆಗೆ ಬಂದವರಿಗೆ ತೋರಿಸುತ್ತಾರೆ. ಅದು ಬಂದಂದಿನಿಂದ ಅವರು ಯಾರ ಮನೆಗೆ ಊಟಕ್ಕೆ ಹೋದರೂ ಪಾಯಸ ಬಡಿಸುವಷ್ಟರಲ್ಲಿ ಅಲ್ಲಿನ ವಿಂಡೋಸ್ ಪಕ್ಕದಲ್ಲಿ ಲಿನಕ್ಸ್ ಕೂತಿರುತ್ತದೆ. ಯಾರೂ ಕೇಳಿರುವುದಿಲ್ಲ. “ಇರಲಿ ಬಿಡಿ, ಒಂದು ಕಾಲಕ್ಕೆ ಬೇಕಾಗುತ್ತೆ” ಎನ್ನುತ್ತಾರೆ.

ಕಂದಾಯ ಇಲಾಖೆಯಿಂದ ನಿವೃತ್ತರಾದ ನಮ್ಮ ದೊಡ್ಡಪ್ಪನಿಗೆ ಕಂಪ್ಯೂಟರಿನಲ್ಲಿ ಬೇಕಾದದ್ದು ನುಡಿ ತಂತ್ರಾಂಶ ಮಾತ್ರ. ಅದರಲ್ಲಿ ಅವರು ವಂಶವೃಕ್ಷ ಬರೆಯುತ್ತಾರೆ, ಪಂಚಾಯ್ತಿಗೆ ಅರ್ಜಿ ಬರೆಯುತ್ತಾರೆ. ಅವರ ಹಳೆಯ ಕಡತಗಳು ಯೂನಿಕೋಡಿನವಲ್ಲ. ನುಡಿಯ ಅಕ್ಷರಶೈಲಿ ಇಲ್ಲದ ಲಿನಕ್ಸಿನಲ್ಲಿ ತೆರೆದರೆ ಮುತ್ತಾತನ ಹೆಸರಿನ ಜಾಗದಲ್ಲಿ ಇಂಗ್ಲಿಷ್ ಅಕ್ಷರಗಳ ಚೆಲ್ಲಾಪಿಲ್ಲಿ. ಆದ್ದರಿಂದ ಆ ಮನೆಯಲ್ಲಿ ಲಿನಕ್ಸನ್ನು ಯಾರೂ ಬೇಕೆಂದು ತೆರೆದವರಲ್ಲ. ಆದರೂ ಗುಂಡಿ ಒತ್ತಿದೊಡನೆ ಯಾವ ಸಿಸ್ಟಂ ಬೇಕೆಂದು ಕೇಳುವ ಗ್ರಬ್ ಎಂಬ ತಂತ್ರಾಂಶದ ಪಟ್ಟಿ ಬರುತ್ತದೆ, ಹತ್ತು ಸೆಕೆಂಡು ಕಾಯುತ್ತದೆ. ಅಷ್ಟರಲ್ಲಿ ಬಾಣದ ಕೀಲಿ ಒತ್ತಿ ಐದನೆಯ ಸಾಲಿಗೆ ಇಳಿದರೆ ವಿಂಡೋಸ್, ತಡವಾದರೆ ಲಿನಕ್ಸ್. ಮೊಣಕಾಲು ನೋವಿನ ದೊಡ್ಡಮ್ಮ ಕೂಡ ಅಡುಗೆಮನೆಯಿಂದಲೇ “ಬಾಣ ಒತ್ರೀ!” ಎಂದು ಕೂಗುವುದನ್ನು ಕಲಿತಿದ್ದರು.

ಒಂದು ದಿನ ಸಿ ಡ್ರೈವ್ ಕೆಂಪಾಯಿತು. ಜಾಗವಿಲ್ಲ. ದೊಡ್ಡಪ್ಪ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದು ನೋಡಿದರೆ, ಹೆಸರಿಲ್ಲದ, ಸಿ ಡಿ ಎಂಬ ಅಕ್ಷರವೂ ಇಲ್ಲದ ಎರಡು ಭಾಗಗಳು ಸುಮ್ಮನೆ ಬಿದ್ದಿವೆ. ಅವುಗಳ ಮೇಲೆ ‘ಹೆಲ್ದಿ’ ಎಂದು ಬರೆದಿತ್ತು. ಇಲಾಖೆಯಲ್ಲಿ ಮೂವತ್ತು ವರ್ಷ ಒತ್ತುವರಿ ತೆರವು ಮಾಡಿಸಿದ ಕೈ. ಎರಡನ್ನೂ ತೆರವು ಮಾಡಿತು. ಇಷ್ಟಾಗಿಯೂ ಸಿ ಒಂದಂಗುಲ ಬೆಳೆಯಲಿಲ್ಲ. ವಿಂಡೋಸ್ ತನ್ನ ಪಕ್ಕಕ್ಕೇ ಅಂಟಿಕೊಂಡ ಖಾಲಿ ಜಾಗವನ್ನಷ್ಟೇ ಸೇರಿಸಿಕೊಳ್ಳುತ್ತದೆ, ನಡುವೆ ಡಿ ಅಡ್ಡ ಮಲಗಿತ್ತು. ಯಂತ್ರ ಆರಿಸಿ ಮತ್ತೆ ಹಾಕಿದರೆ ಕಪ್ಪು ಪರದೆಯ ಮೇಲೆ ‘ಗ್ರಬ್ ರೆಸ್ಕ್ಯೂ’ ಎಂಬ ಒಂದು ಸಾಲು. ಬಾಣ ಒತ್ತಿದರೂ ಇಲ್ಲ, ಕೂಗಿದರೂ ಇಲ್ಲ.

ಭಾವ ಬಂದರು. ಇಂಥ ಕರೆ ಬಂದಾಗ ಅವರ ಮುಖದಲ್ಲಿ ದುಃಖ ಇರುತ್ತದೆ, ನಡಿಗೆಯಲ್ಲಿ ಇರುವುದಿಲ್ಲ. ಚಪ್ಪಲಿ ಬಿಡುವ ಮೊದಲೇ ಮೊದಲ ಪ್ರಶ್ನೆ: “ಬ್ಯಾಕಪ್ ಇದೆಯಾ?” ಇಲ್ಲ ಎಂದು ಅವರಿಗೆ ಗೊತ್ತು, ಇದ್ದಿದ್ದರೆ ನಿರಾಶೆಯಾಗುತ್ತಿತ್ತು. ಎರಡನೆಯದು: “ಯಾರು ಮುಟ್ಟಿದ್ದು?” ಈ ಪ್ರಶ್ನೆಗೆ ಕರ್ನಾಟಕದ ಎಲ್ಲ ಮನೆಗಳಲ್ಲೂ ಒಂದೇ ಉತ್ತರ. “ನಾನೇನೂ ಮಾಡ್ಲಿಲ್ಲಪ್ಪ, ತಾನಾಗೇ ಹಾಗಾಯ್ತು.” ಉಪ್ಪಿಟ್ಟು ಬಂತು. ಭಾವ ಎಫ್2, ಎಫ್12, ಎಸ್ಕೇಪ್, ಡಿಲೀಟ್ ಎಲ್ಲವನ್ನೂ ಪಟಪಟ ಒತ್ತಿದರು. ಯಾವ ಕಂಪನಿಯದಕ್ಕೆ ಯಾವ ಕೀಲಿ ಎಂದು ನೆನಪಿಟ್ಟುಕೊಳ್ಳುವ ತಾಪತ್ರಯ ಅವರಿಗಿಲ್ಲ. ಪೆನ್‌ಡ್ರೈವಿನಿಂದ ಲಿನಕ್ಸ್ ಎದ್ದಿತು.

ಪಾಠ ಶುರುವಾಯಿತು. ಹಳೆಯ ಬಗೆಯ ಡಿಸ್ಕಿನ ಮೊಟ್ಟಮೊದಲ ತುಂಡು 512 ಬೈಟು. ಅದರಲ್ಲಿ 64 ಬೈಟು ಪಾರ್ಟಿಷನ್‌ಗಳ ಪಟ್ಟಿಗೆ, 2 ಬೈಟು ಗುರುತಿಗೆ. ಉಳಿದ 446ರಲ್ಲಿ ಗ್ರಬ್‌ನ ತಲೆ ಮಾತ್ರ ಹಿಡಿಸುತ್ತದೆ, ಮೈಯ ಬಹುಭಾಗ ಲಿನಕ್ಸಿನ ಪಾರ್ಟಿಷನ್‌ನಲ್ಲಿ. ಅದನ್ನು ಅಳಿಸಿದರೆ ತಲೆ ಉಳಿಯಿತು, ಪಟ್ಟಿ ತೋರಿಸಬೇಕಾದ ಮೈ ಹೋಯಿತು. ಹಾಗಾಗಿ ತಾನು ಕೆಟ್ಟಿರದ ವಿಂಡೋಸ್ ಕೂಡ ಏಳದು. ದೊಡ್ಡಪ್ಪ ಇದಕ್ಕೆಲ್ಲ ತಲೆಯಾಡಿಸಿದರು, ಒಂದಕ್ಷರ ತಿಳಿಯಲಿಲ್ಲ. ಆಗ ಭಾವ ಪಕ್ಕಾ ವಕೀಲರಾದರು. “ನೀವು ಪಹಣಿಯಿಂದ ಹೆಸರು ತೆಗೆದಿದ್ದೀರಿ ಅಷ್ಟೆ. ಹೊಲ ಅಲ್ಲೇ ಇದೆ, ಬೆಳೆನೂ ಇದೆ. ಬೇರೆ ಯಾರಾದ್ರೂ ಬಂದು ಉಳೋದ್ರೊಳಗೆ ಹೆಸರು ಹತ್ತಿಸಿಬಿಟ್ರೆ ಆಯ್ತು.” ದೊಡ್ಡಪ್ಪ ಕುರ್ಚಿಯಲ್ಲಿ ನೆಟ್ಟಗೆ ಕೂತರು. “ಚೆಕ್ಕುಬಂದಿ ಯಾರ ಹತ್ರ ಇದೆ?” ಎಂದು ಕೇಳಿದರು. ಆಮೇಲೆ ಅವರೇ ಮೇಲ್ವಿಚಾರಣೆ ವಹಿಸಿಕೊಂಡರು.

ಟೆಸ್ಟ್‌ಡಿಸ್ಕ್ ಎಂಬ ಪುಟ್ಟ ತಂತ್ರಾಂಶ ಡಿಸ್ಕನ್ನು ಮೊದಲಿಂದ ಕೊನೆಯವರೆಗೆ ಓದಿ ಹಳೆಯ ಗಡಿಗಳನ್ನು ಹುಡುಕುತ್ತದೆ. ಸಿಕ್ಕ ಭಾಗದೊಳಗಿನ ಕಡತಗಳನ್ನು ತೋರಿಸುತ್ತದೆ, ಸರಿ ಎಂದರೆ ಮಾತ್ರ ಪಟ್ಟಿಯಲ್ಲಿ ಬರೆಯುತ್ತದೆ. ಭಾವ ಬರೆಸಿದರು. ಮತ್ತೆ ಶುರು ಮಾಡಿದರು. ಮತ್ತೆ ಅದೇ ಗ್ರಬ್ ರೆಸ್ಕ್ಯೂ! ಮಂದಿಯೆಲ್ಲ ನಿಟ್ಟುಸಿರು ಬಿಟ್ಟರು, ಭಾವ ಮಾತ್ರ ಮುಗುಳ್ನಕ್ಕರು. ಈ ಘಳಿಗೆಗಾಗಿಯೇ ಅವರು ಬದುಕುವುದು. ಲಾಜಿಕಲ್ ಎಂಬ ಬಗೆಯ ಪಾರ್ಟಿಷನ್‌ಗಳ ಸಂಖ್ಯೆ ಯಾವಾಗಲೂ 5ರಿಂದ ಮೊದಲಾಗುತ್ತದೆ. ಲಿನಕ್ಸಿನ ಮುಂದೆ ಸ್ವಾಪ್ ಎಂಬ ಸಣ್ಣ ಭಾಗವೊಂದಿತ್ತು. ಅದು ಮರಳಿ ಬರಲಿಲ್ಲ. ಹಿಂದೆ 7 ಆಗಿದ್ದ ಲಿನಕ್ಸ್ ಈಗ 6. ಗ್ರಬ್ ಇನ್ನೂ 7ರ ಬಾಗಿಲು ಬಡಿಯುತ್ತಿದೆ. ‘ಎಲ್‌ಎಸ್’ ಎಂದು ಹೊಡೆದು ಒಂದೊಂದು ಭಾಗವನ್ನೂ ಇಣುಕಿ ನೋಡಿ, ‘ಸೆಟ್ ಪ್ರಿಫಿಕ್ಸ್’ ಎಂದು ಹೊಸ ವಿಳಾಸ ಹೇಳಿ, ‘ಇನ್ಸ್‌ಮಾಡ್ ನಾರ್ಮಲ್’, ಮತ್ತೆ ‘ನಾರ್ಮಲ್’. ಪಟ್ಟಿ ಬಂತು. ಲಿನಕ್ಸಿನೊಳಗೆ ಹೋಗಿ ಗ್ರಬ್ಬನ್ನು ಹೊಸದಾಗಿ ಸ್ಥಾಪಿಸಿದರೆ ಶಾಶ್ವತ. ಅದನ್ನೂ ಮಾಡಿದರು. ಕೈಕೆಲಸ ಹತ್ತು ನಿಮಿಷದ್ದು, ಡಿಸ್ಕ್ ಓದುವ ಹೊತ್ತು ಅದರ ಪಾಡಿಗೆ. ಮಿಕ್ಕ ಮಧ್ಯಾಹ್ನವೆಲ್ಲ ಅಲಂಕಾರ.

ಅಷ್ಟಾದರೂ ಭಾವನೇ ಮೇಲು. ಅವರ ಪರಮ ವೈರಿ ಬೀದಿ ತುದಿಯ ಅಂಗಡಿ ಹುಡುಗ, ಅವನ ಔಷಧ ಒಂದೇ: “ಫಾರ್ಮ್ಯಾಟ್ ಹೊಡೆಯೋಣ ಸಾರ್.” ವಂಶವೃಕ್ಷ ಬುಡಸಮೇತ ಹೋಗುತ್ತಿತ್ತು. ಭಾವ ಎದುರಿಗಿರುವವರ ಕಡತವನ್ನು ತಮ್ಮದೆಂದೇ ಕಾಯುತ್ತಾರೆ. ತಮ್ಮದು ಅಂತ ಕಾಯಲು ಅವರ ಬಳಿ ಏನೂ ಇಲ್ಲ. ಅವರ ಲ್ಯಾಪ್‌ಟಾಪಿನಲ್ಲಿ ಐದು ಬಗೆಯ ಲಿನಕ್ಸ್ ಇವೆ, ಮನೆ ಲೆಕ್ಕ ಎಲ್‌ಐಸಿ ಡೈರಿಯಲ್ಲಿದೆ.

ಈಚಿನ ಯಂತ್ರಗಳು ಮಾತ್ರ ಅವರನ್ನು ಕಂಗೆಡಿಸಿವೆ. ಯುಇಎಫ್‌ಐ ಎಂಬ ಹೊಸ ಬೂಟ್ ವ್ಯವಸ್ಥೆ ಬಂದ ಮೇಲೆ ಬೂಟ್ ಕಡತಗಳೆಲ್ಲ ಒಂದು ಪುಟ್ಟ ಪಾರ್ಟಿಷನ್‌ನಲ್ಲಿ ಅಕ್ಕಪಕ್ಕ ಇರುತ್ತವೆ. ಎಷ್ಟೋ ಸಲ ಲಿನಕ್ಸನ್ನು ಅಳಿಸಿದರೂ ಒಂದು ಮೆನುವಿನಲ್ಲಿ ವಿಂಡೋಸನ್ನು ಮೇಲಕ್ಕೆ ತಂದರೆ ಯಂತ್ರ ಎದ್ದು ಕೂರುತ್ತದೆ. ಉಪ್ಪಿಟ್ಟಿಗೆ ರವೆ ಹುರಿಯುವಷ್ಟು ಹೊತ್ತೂ ಹಿಡಿಯದು. “ಇದೂ ಒಂದು ರಿಪೇರಿಯಾ?” ಎಂದು ಭಾವ ಬೇಸರಪಡುತ್ತಾರೆ.

ಯಾರೂ ಬಾಯಿಬಿಟ್ಟು ಹೇಳದ ಮಾತೊಂದಿದೆ. ಭಾವ ಆ ಲಿನಕ್ಸನ್ನು ಹಾಕದೇ ಇದ್ದಿದ್ದರೆ ತೆರವು ಮಾಡಲು ಅಲ್ಲಿ ಏನೂ ಇರುತ್ತಿರಲಿಲ್ಲ, ಕಪ್ಪು ಪರದೆಯೂ ಬರುತ್ತಿರಲಿಲ್ಲ. ದೊಡ್ಡಮ್ಮ ಅವರಿಗೆ ಪಂಚೆ, ಶಲ್ಯ ಕೊಟ್ಟು ಕಳಿಸಿದರು. ಸಿ ಡ್ರೈವ್ ಇನ್ನೂ ಕೆಂಪಾಗಿಯೇ ಇದೆ.

ನಿಮ್ಮ ಕಂಪ್ಯೂಟರಿನಲ್ಲೂ ಅಕ್ಷರವಿಲ್ಲದ ಪಾರ್ಟಿಷನ್ ಕಂಡರೆ ಅಳಿಸುವ ಮೊದಲು ನಿಮ್ಮ ಭಾವನಿಗೆ ಫೋನ್ ಮಾಡಿ. ಅಳಿಸಿದ ಮೇಲೆ ಹೇಗೂ ಮಾಡುತ್ತೀರಿ, ಆದರೆ ಆಗ ಪಂಚೆ ಶಲ್ಯದ ಖರ್ಚು ಬೇರೆ.