ಸೋರುವ ಬಾಕ್ಸ್‌ಸ್ಟರ್: ಮಾಲೀಕರ ಕೈಪಿಡಿ

ಯಾರಿಗೆ: 1996ರಿಂದ 2004ರವರೆಗೆ ತಯಾರಾದ ಪೋರ್ಷೆ ಬಾಕ್ಸ್‌ಸ್ಟರ್ 986ರ ಮಾಲೀಕರಿಗೆ. ‘ಪೋರ್ಷೆ ಇಷ್ಟು ಅಗ್ಗವೇ!’ ಎಂದು ಕೊಂಡವರು ಎರಡು ಸಲ ಓದತಕ್ಕದ್ದು.

ಪರಿಚಯ: ಮೂರು ದಶಕಕ್ಕೂ ಹೆಚ್ಚು ಕಾಲ 911ನ್ನು ಗಾಳಿಯಲ್ಲೇ ತಂಪಾಗಿಟ್ಟ ಕಂಪನಿ ಈ ಕಾರಿಗೆ ನೀರು ಕುಡಿಸಿತು. ಎಂಜಿನ್ ಸೀಟಿನ ಬೆನ್ನಿಗೆ, ರೇಡಿಯೇಟರುಗಳು ಮುಂದಿನ ಚಕ್ರಗಳಿಗೂ ಮುಂದೆ, ಕೂಲೆಂಟ್ ಟ್ಯಾಂಕು ಹಿಂದಿನ ಡಿಕ್ಕಿಯಲ್ಲಿ. 15 ಲೀಟರಿಗೂ ಮಿಕ್ಕ ಕೂಲೆಂಟ್ ಕಾರಿನ ಉದ್ದಕ್ಕೂ ಓಡಾಡುತ್ತದೆ. ಸೋರಲು ಅಷ್ಟೂ ಉದ್ದಕ್ಕೆ ಅವಕಾಶವಿದೆ.

ಹಂತ 1: ಒಪ್ಪಿಕೊಳ್ಳಬೇಡಿ. ನೆಲದ ಮೇಲಿನ ಹನಿ ಏಸಿಯದೇ ಎಂದು ಮನೆಯವರಿಗೆ ಹೇಳಿ. ಆಮೇಲೆ ಯಾರೂ ನೋಡದಾಗ ಬೆರಳಲ್ಲಿ ಮುಟ್ಟಿ. ಏಸಿ ನೀರಿಗೆ ವಾಸನೆಯಿಲ್ಲ, ಜಿಡ್ಡಿಲ್ಲ. ಸಿಹಿ ವಾಸನೆ ಬಂದರೆ ಮುಂದಿನ ಹಂತಕ್ಕೆ ಬನ್ನಿ. ನೆಕ್ಕಿ ನೋಡಬೇಡಿ, ಕೂಲೆಂಟಿನಲ್ಲಿರುವ ಎಥಿಲೀನ್ ಗ್ಲೈಕಾಲ್ ವಿಷ. ನಾಯಿ ಬೆಕ್ಕುಗಳು ಕೈಪಿಡಿ ಓದುವುದಿಲ್ಲ, ನೆಲ ತೊಳೆದುಬಿಡಿ.

ಹಂತ 2: ಸಿಕ್ಕಿದ್ದನ್ನು ಬಿಚ್ಚಿ. ಥರ್ಮೋಸ್ಟಾಟ್ ಬದಲಿಸಿ, ಸೆನ್ಸರ್ ಬದಲಿಸಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತಾಯಿತು ಎಂದು ಗೊತ್ತಾದ ಮೇಲೆ, ಮೊದಲೇ ಮಾಡಬೇಕಿದ್ದ ಪ್ರೆಷರ್ ಟೆಸ್ಟ್ ಮಾಡಿಸಿ. ತಣ್ಣಗಿರುವ ಎಂಜಿನ್ನಿಗೆ ಕೈಪಂಪಿನಿಂದ ಒತ್ತಡ ಕೊಟ್ಟು, ಮುಳ್ಳು ಇಳಿಯುತ್ತದೆಯೇ ನೋಡುವುದು. ಇಳಿದರೆ ಎಲ್ಲೋ ಸೋರುತ್ತಿದೆ. ಎಲ್ಲಿ ಎಂಬುದನ್ನು ಟಾರ್ಚ್ ಹಿಡಿದು ನೀವೇ ಹುಡುಕಬೇಕು.

ಹಂತ 3: ಮುಚ್ಚಳ ಓದಿ. ಟ್ಯಾಂಕಿನ ಮುಚ್ಚಳದ ಪಾರ್ಟ್ ನಂಬರಿನ ಕೊನೆಯ ಎರಡಂಕಿ 00 ಇದ್ದರೆ ಹಳೆಯದು, 04 ಇದ್ದರೆ ತಿದ್ದಿದ್ದು. ಒಂದು ಮುಚ್ಚಳವನ್ನೇ ಇಷ್ಟು ಸಲ ತಿದ್ದಬೇಕಾಗಿ ಬಂತೆಂದರೆ, ಉಳಿದದ್ದನ್ನು ಊಹಿಸಿಕೊಳ್ಳಿ. ಬಿಸಿ ಇರುವಾಗ ಮಾತ್ರ ತೆರೆಯಬೇಡಿ: ಒತ್ತಡದಲ್ಲಿರುವ ಕೂಲೆಂಟ್ 100 ಡಿಗ್ರಿ ದಾಟಿದರೂ ಕುದಿಯದೆ ನಿಮಗಾಗಿ ಕಾಯುತ್ತಿರುತ್ತದೆ.

ಹಂತ 4: ಡಿಕ್ಕಿಯ ಕಾರ್ಪೆಟ್ ಎತ್ತಿ. ಒದ್ದೆಯೇ? ಹಾಗಾದರೆ ಅಪರಾಧಿ ಸಿಕ್ಕಿತು. ಪ್ಲಾಸ್ಟಿಕ್ ಟ್ಯಾಂಕ್ ವಯಸ್ಸಾದಂತೆ ಗಡುಸಾಗಿ, ಕೂದಲೆಳೆಯಷ್ಟು ಬಿರುಕು ಬಿಡುತ್ತದೆ. ತಣ್ಣಗಿದ್ದಾಗ ಆ ಬಿರುಕು ಕಾಣುವುದಿಲ್ಲ, ಬಿಸಿಯಾಗಿ ಒತ್ತಡ ಏರಿದಾಗ ಜಿನುಗುತ್ತದೆ. ಅಂಟು ಹಚ್ಚಿದರೆ ಅಂಟೂ ಸೋರುತ್ತದೆ. ಹೊಸ ಟ್ಯಾಂಕ್ ಹಾಕುವುದು ಸುಲಭ, ಹಳೆಯದರ ಹೋಸ್ ಕ್ಲ್ಯಾಂಪುಗಳಿಗೆ ಕೈ ತಲುಪುವುದೇ ಕಷ್ಟ. ಬೈಗುಳದ ಸಂಗ್ರಹ ಹತ್ತಿರವಿರಲಿ.

ಹಂತ 5: ಕಾರ್ಪೆಟ್ ಒಣಗಿದ್ದರೆ ವಾಟರ್ ಪಂಪ್ ನೋಡಿ. ಬೇರಿಂಗ್ ಸವೆದಿದ್ದರೆ ಪುಲ್ಲಿ ಅಲುಗುತ್ತದೆ, ಕೆಳಗೆ ಒಣಗಿದ ಕಲೆ ಕಾಣುತ್ತದೆ. ಆಮೇಲೆ ಮುಂದಿನ ಬಂಪರಿನ ಹಿಂದೆ ಇಣುಕಿ. ಅಲ್ಲಿ ತರಗೆಲೆ ತುಂಬಿಕೊಂಡು, ಒದ್ದೆಯಾಗಿ, ರೇಡಿಯೇಟರನ್ನು ಕೊರೆಯುತ್ತಿರುತ್ತದೆ.

ಹಂತ 6: ತುಂಬಿಸಿ. ಅರ್ಧ ಕೂಲೆಂಟ್, ಅರ್ಧ ಡಿಸ್ಟಿಲ್ಡ್ ವಾಟರ್. ಮುಚ್ಚಳದ ಪಕ್ಕದ ವಾಲ್ವಿನ ತಂತಿಕುಣಿಕೆ ಮೇಲೆತ್ತಿ ಗಾಳಿ ಹೊರಹಾಕಿ. ಉದ್ದ ಪೈಪಿನಲ್ಲಿ ಗಾಳಿ ಉಳಿದರೆ ಸೋರದ ಕಾರೂ ಕಾಯುತ್ತದೆ.

ನಿಷಿದ್ಧ: ಸೋರಿಕೆ ನಿಲ್ಲಿಸುವ ಪುಡಿ. ಅದು ಬಿರುಕಿಗಿಂತ ಮುಂಚೆ ಹೀಟರಿನ ಸಣ್ಣ ಕೊಳವೆಗಳನ್ನು ಮುಚ್ಚುತ್ತದೆ.

ಖಾತರಿ: ಇಲ್ಲ. ಆದರೆ ಮುಚ್ಚಳ, ಟ್ಯಾಂಕ್, ಪಂಪ್ ಮೂರನ್ನೂ ಬದಲಿಸಿದರೂ ಆ ಖರ್ಚು ಎಂಜಿನ್ ಬೆಲೆಯ ಹತ್ತಿರಕ್ಕೂ ಬರುವುದಿಲ್ಲ. ಕಾದು ಸೊಟ್ಟಗಾದ ಅಲ್ಯೂಮಿನಿಯಂ ಹೆಡ್‌ಗೆ ಅಗ್ಗದ ಮದ್ದಿಲ್ಲ. ಟೆಂಪರೇಚರ್ ಮುಳ್ಳು ಏರಿದ ಕೂಡಲೇ ಗಾಡಿ ಪಕ್ಕಕ್ಕೆ ಹಾಕಿ ಎಂಜಿನ್ ನಿಲ್ಲಿಸಿ. ಇದೊಂದು ಸೂಚನೆಯನ್ನು ತಮಾಷೆಗೆ ಬರೆದಿಲ್ಲ.