ಪುಲಿಕೇಶಿ ತಿನ್ನದ ಮಿರ್ಚಿ

ಇಮ್ಮಡಿ ಪುಲಿಕೇಶಿ ಮೆಣಸಿನಕಾಯಿ ಬಜ್ಜಿ ತಿಂದವನಲ್ಲ. ನರ್ಮದೆಯ ದಡದಲ್ಲಿ ಹರ್ಷವರ್ಧನನನ್ನೇ ತಡೆದು ನಿಲ್ಲಿಸಿದವನಿಗೆ ಒಂದು ಪ್ಲೇಟ್ ಮಂಡಕ್ಕಿ-ಮಿರ್ಚಿಯ ಭಾಗ್ಯವಿರಲಿಲ್ಲ. ಈ ಸಂಗತಿಯನ್ನು ದಾವಣಗೆರೆಯ ಅಂಗಡಿಯೊಂದರಲ್ಲಿ, ಸರಿಯಾಗಿ ನಾನು ಬಾಯಿ ತೆರೆದ ಹೊತ್ತಿಗೆ ತಿಳಿಸಿದವರು ನಮ್ಮ ಸೋದರಮಾವ. “ಮೆಣಸಿನಕಾಯಿ ಯಾವ ಖಂಡದ್ದೋ, ಹೇಳು” ಎಂದರೆ ಮುಗಿಯಿತು. ಉತ್ತರ ಬರುವ ತನಕ ಪಕ್ಕದಲ್ಲಿ ಕೂತವರಿಗೆ ತಟ್ಟೆ ಮುಟ್ಟುವ ಹಕ್ಕಿಲ್ಲ.

ಅಮೆರಿಕದ್ದು. ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರು ತಂದರು. ಅಲ್ಲಿಯ ತನಕ ನಮ್ಮವರು ಕಾಳುಮೆಣಸು, ಹಿಪ್ಪಲಿ, ಶುಂಠಿಯಲ್ಲೇ ನಾಲಿಗೆಯನ್ನು ಸಮಾಧಾನಪಡಿಸಬೇಕಿತ್ತು. ಆಲೂಗಡ್ಡೆ, ಟೊಮೆಟೊ, ಗೋಡಂಬಿ, ಪರಂಗಿಹಣ್ಣು ಕೂಡ ಆ ಕಡೆಯವೇ. ಒಂದು ಮದುವೆಯ ಪಂಕ್ತಿಯಲ್ಲಿ ಮಾವ ಹೀಗೆ ಒಂದೊಂದನ್ನೇ ಕಡಲಾಚೆ ಕಳಿಸುತ್ತ ಬಂದು, ಕೊನೆಗೆ ಎಲೆಯಲ್ಲಿ ಅನ್ನ, ಉಪ್ಪು, ಮಜ್ಜಿಗೆ ಇಷ್ಟನ್ನೇ ಉಳಿಸಿದರು. ದುಡ್ಡು ಖರ್ಚು ಮಾಡಿದ್ದ ಬೀಗರಿಗೆ ಅದು ಹಿತವಾಗಲಿಲ್ಲ.

ಜಿಕೆ ಪುಸ್ತಕಗಳಲ್ಲಿ ಆಹಾರ, ಭೂಗೋಳ, ಸಿನಿಮಾ, ವಿಜ್ಞಾನ ಎಂದು ಬೇರೆ ಬೇರೆ ಪಾಠಗಳಿರುತ್ತವೆ. ಮಾವನ ತಲೆಯಲ್ಲಿ ನಡುಗೋಡೆಗಳೇ ಇಲ್ಲ. ಅವರನ್ನು ನಾನು ಸಹಿಸಿಕೊಂಡಿರುವುದೂ ಅದಕ್ಕೇ. ಬ್ಯಾಡಗಿಯಿಂದ ಹೊರಟರೆ (ಖಾರ ಕಡಿಮೆ, ಬಣ್ಣ ಜಾಸ್ತಿ, ಆ ಬಣ್ಣ ಲಿಪ್‌ಸ್ಟಿಕ್ಕಿಗೂ ಹೋಗುತ್ತದೆ) ಲಿಪ್‌ಸ್ಟಿಕ್ಕಿನ ದಾರಿ ಹಿಡಿದು ಸಿನಿಮಾಕ್ಕೆ ಬರುತ್ತಾರೆ: ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ 1934ರಲ್ಲಿ ತೆರೆ ಕಂಡಿತು, ಚಿತ್ರೀಕರಣ ನಡೆದದ್ದು ಕೊಲ್ಲಾಪುರದಲ್ಲಿ. ಅದೂ ಖಾರದ ಊರೇ! ಅಲ್ಲಿಂದ ಗುಂಟೂರು. ಮೆಣಸಿನಕಾಯಿ ಮಂಡಿಯಲ್ಲಿ ನಿಂತವರು ಸೀದಾ ಸೂರ್ಯನಿಗೆ ಹಾರುತ್ತಾರೆ. 1868ರ ಆಗಸ್ಟ್ 18ರ ಪೂರ್ಣಗ್ರಹಣ ನೋಡಲು ಫ್ರಾನ್ಸಿನ ಜಾನ್ಸೆನ್ ಅದೇ ಗುಂಟೂರಿಗೆ ಬಂದಿದ್ದರು. ಆ ವರ್ಷ ಸೂರ್ಯನ ಬೆಳಕಿನಲ್ಲಿ ಕಂಡ ಒಂದು ಹಳದಿ ಗೆರೆಯೇ ಹೀಲಿಯಮ್‌ನ ಮೊದಲ ಸುಳಿವು. ಭೂಮಿಯ ಮೇಲೆ ಅದನ್ನು ರಾಮ್ಸೆ ಹಿಡಿಯುವ ಹೊತ್ತಿಗೆ 1895 ಆಗಿತ್ತು.

ಇಷ್ಟೂ ಕೇಳುವಷ್ಟರಲ್ಲಿ ಮಿರ್ಚಿ ಆರಿರುತ್ತದೆ, ಖಾರ ಆರಿರುವುದಿಲ್ಲ. ನೀರು ಕುಡಿದರೂ ಪ್ರಯೋಜನವಿಲ್ಲ, ಏಕೆಂದರೆ ಖಾರಕ್ಕೆ ಕಾರಣವಾದ ಕ್ಯಾಪ್ಸೈಸಿನ್ ನೀರಿನಲ್ಲಿ ಕರಗದು. ಅಸಲಿಗೆ ಖಾರ ಒಂದು ರುಚಿಯೇ ಅಲ್ಲ. ಸುಡುವ ಬಿಸಿಯನ್ನು ಗುರುತಿಸುವ ನರತುದಿಗಳನ್ನೇ ಅದು ಕೆಣಕುತ್ತದೆ, ಮಿದುಳು ನಾಲಿಗೆ ಸುಟ್ಟಿತೆಂದು ನಂಬುತ್ತದೆ. ಇದನ್ನು ಬಿಡಿಸಿದ ಡೇವಿಡ್ ಜೂಲಿಯಸ್‌ಗೆ 2021ರ ನೊಬೆಲ್‌ನಲ್ಲಿ ಪಾಲು ಸಿಕ್ಕಿತು.

ಹಕ್ಕಿಗಳಿಗೆ ಈ ಉರಿಯೇ ಇಲ್ಲ. ಗಿಣಿ ಹಣ್ಣು ಮೆಣಸಿನಕಾಯಿಯನ್ನು ಪೇರಳೆಯಷ್ಟೇ ನೆಮ್ಮದಿಯಿಂದ ಮೆಲ್ಲುತ್ತದೆ. ಕಾಡುಮೆಣಸಿನ ಗಿಡಕ್ಕೆ ಬೇಕಾದದ್ದೂ ಹಕ್ಕಿಗಳೇ: ಬೀಜ ನುಂಗಿ, ದೂರ ಹಾರಿ, ಹಿಕ್ಕೆಯ ಜೊತೆ ಉದುರಿಸುತ್ತವೆ. ಬೀಜವನ್ನು ಹಲ್ಲಲ್ಲಿ ಅರೆದು ಹಾಳು ಮಾಡುವ ಪ್ರಾಣಿಗಳು ಮಾತ್ರ ಖಾರಕ್ಕೆ ಹೆದರಿ ದೂರ ಉಳಿಯುತ್ತವೆ. ಅವುಗಳಲ್ಲಿ ಎರಡು ಕಾಲಿನದೊಂದು ಅದೇ ಕಾಯಿಯನ್ನು ಸೀಳಿ, ಉಪ್ಪು ಮಜ್ಜಿಗೆಯಲ್ಲಿ ನೆನೆಹಾಕಿ, ಬಿಸಿಲಿಗೆ ಒಣಗಿಸಿ, ಮಳೆಗಾಲಕ್ಕೆಂದು ಡಬ್ಬಿ ತುಂಬಿಟ್ಟುಕೊಳ್ಳುತ್ತದೆ.